ನಕ್ಷೆಗೆ ಸಹಿ ಹಾಕುವ ಮುನ್ನ...

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮದುವೆಯ ವಿಷಯದಲ್ಲಿ ಹೆಂಗಸರನ್ನು ಕೇಳದೆ ಒಂದು ವೀಳ್ಯದೆಲೆಯೂ ಅಲುಗುವುದಿಲ್ಲ. ಮನೆಯ ವಿಷಯ ಬಂದಾಗ ಮಾತ್ರ, "ಅದೆಲ್ಲಾ ಆಫೀಸಿನ ವ್ಯವಹಾರ, ನಿನಗ್ಯಾಕೆ?" ಎಂಬ ಮಾತು! ನೀವೂ ಸುಮ್ಮನಾಗಿ ಗೃಹಪ್ರವೇಶದ ಹೋಳಿಗೆಯ ಲೆಕ್ಕಕ್ಕೆ ಕುಳಿತುಬಿಡುತ್ತೀರಿ. ನಾಳೆ ಅಡಿಗೆಮನೆಗೆ ಗಾಳಿ ಬಾರದಿದ್ದರೆ, ಬಟ್ಟೆ ಒಗೆಯಲು ಜಾಗವಿಲ್ಲದಿದ್ದರೆ ಅನುಭವಿಸುವವರು ಯಾರು? ಅಡಿಪಾಯಕ್ಕೆಂದು ಬಳೆ ಅಡವಿಟ್ಟವರು ಯಾರು?

ಸಾಗರ, ಶಿರಸಿಯಂಥ ನಗರಸಭೆಯ ಊರುಗಳಲ್ಲೂ ಮನೆ ಕಟ್ಟಲು ಪರವಾನಗಿ ಬೇಕೇ ಬೇಕು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೇ ಇದನ್ನು ಹೇಳಿದೆ. ಹಾಗಾದರೆ ಆ ಪರವಾನಗಿಯ ಕೆಲಸದಲ್ಲಿ ನಿಮ್ಮ ಪಾಲೇನು? ನೋಡೋಣ ಬನ್ನಿ.

ಮೊದಲು ಕಾಗದಪತ್ರ

ಕ್ರಯಪತ್ರ ಯಾರ ಹೆಸರಿನಲ್ಲಿದೆ? ನಿವೇಶನ ನಿಮ್ಮ ಹೆಸರಿನಲ್ಲಿದ್ದರೆ ಅರ್ಜಿದಾರರು ನೀವೇ. ಓದದೆ ಸಹಿ ಹಾಕಬೇಡಿ. ಕ್ರಯಪತ್ರದ ಜೊತೆಗೆ ಇ-ಖಾತೆ, ಈ ವರ್ಷದ ಕಂದಾಯದ ರಸೀತಿ, ಋಣಭಾರ ಪತ್ರ, ಜಾಗ ಹಿಂದೆ ಹೊಲಗದ್ದೆಯಾಗಿದ್ದರೆ ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ – ಇವಿಷ್ಟನ್ನೂ ಒಂದು ಫೈಲಿನಲ್ಲಿಡಿ. ಎಲ್ಲದರಲ್ಲೂ ಹೆಸರು, ಅಳತೆ, ಚಕ್ಕುಬಂದಿ ಒಂದೇ ರೀತಿ ಇವೆಯೇ ನೋಡಿ. ಒಂದರಲ್ಲಿ "ಲಕ್ಷ್ಮಿ", ಇನ್ನೊಂದರಲ್ಲಿ "ಲಕ್ಷ್ಮೀದೇವಿ" ಎಂದಿದ್ದರೆ ಅರ್ಜಿ ಅಲ್ಲೇ ನಿಂತೀತು!

ತೀರಿಕೊಂಡ ಮಾವನವರ ಹೆಸರಿನಲ್ಲೇ ಖಾತೆ ಇದೆಯೇ? ಹಾಗಾದರೆ ಮೊದಲು ವಾರಸುದಾರರ ಹೆಸರಿಗೆ ಖಾತೆ ಬದಲಾಗಲಿ. ವಿಲ್ ಇಲ್ಲದಿದ್ದರೆ ನಾದಿನಿಯರಿಗೂ ಅದರಲ್ಲಿ ಹಕ್ಕಿರುತ್ತದೆಂಬುದನ್ನು ಮರೆಯಬೇಡಿ. ಅವರನ್ನು ಕರೆದು, ಕೂರಿಸಿ, ಮೊದಲೇ ಮಾತನಾಡಿ. ಗೋಡೆ ಎದ್ದ ಮೇಲೆ ಬರುವ ಕೋರ್ಟಿನ ನೋಟೀಸಿಗಿಂತ ಆ ಒಂದು ದಿನದ ಮಾತು ಮೇಲು.

ನಕ್ಷೆ ಓದುವುದು ಕಷ್ಟವೇನಲ್ಲ

ರವಿಕೆಗೆ ಬಟ್ಟೆ ಕತ್ತರಿಸಲು ಬಲ್ಲವರಿಗೆ ನಕ್ಷೆ ಯಾವ ಲೆಕ್ಕ? ನಕ್ಷೆಯ ಮೇಲೆ 1:100 ಎಂದಿದ್ದರೆ, ಕಾಗದದ 1 ಸೆಂಟಿಮೀಟರ್ ನೆಲದ ಮೇಲೆ 1 ಮೀಟರ್, ಅಂದರೆ ಸುಮಾರು ಮೂರೂಕಾಲು ಅಡಿ. ಮಕ್ಕಳ ಸ್ಕೇಲು ಇಟ್ಟುಕೊಂಡು ಕುಳಿತರೆ ಸಾಕು.

ನಿವೇಶನದ ಸುತ್ತ ಎಷ್ಟು ಜಾಗ ಬಿಡಬೇಕೆಂಬುದು ನಿವೇಶನದ ಅಳತೆಯಂತೆ ಬದಲಾಗುತ್ತದೆ. ಎಡಬಲಕ್ಕೆ ಒಂದೊಂದು ಮೀಟರ್ ಎಂದಿಟ್ಟುಕೊಳ್ಳಿ. 30 ಅಡಿ ಅಗಲದ ಸೈಟಿನಲ್ಲಿ ಉಳಿಯುವುದು 23 ಅಡಿ ಚಿಲ್ಲರೆ. ಎರಡು ಬದಿಯ 9 ಅಂಗುಲದ ಗೋಡೆಗಳನ್ನೂ ಕಳೆದರೆ 22 ಅಡಿಗೂ ಕಡಿಮೆ. ಅದರಲ್ಲೇ ಹಜಾರ, ಕೋಣೆ, ಅಡಿಗೆಮನೆ! "ಬಿಡೋ ಜಾಗ ದಂಡ ಕಣ್ರೀ, ಕಟ್ಟಿಬಿಡೋಣ" ಎನ್ನುವವರಿದ್ದಾರೆ. ಅದು ದಂಡವಲ್ಲ. ನಿಮ್ಮ ಕಿಟಕಿಗೆ ಬೆಳಕು ಬರುವುದು ಅಲ್ಲಿಂದಲೇ.

ಅಡಿಗೆಮನೆಯನ್ನು ಬೇರೆಯಾಗಿ ಅಳೆಯಿರಿ. ಊಟದ ಜಾಗ ಬೇರೆಯಿದ್ದರೆ ಅಡಿಗೆಮನೆ 5 ಚದರ ಮೀಟರಿಗೆ, ಅಗಲ 1.8 ಮೀಟರಿಗೆ ಕಡಿಮೆಯಾಗಬಾರದೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು 6 ಅಡಿಗೆ 9 ಅಡಿ. ಇದು ಕನಿಷ್ಠ ಮಾತ್ರ. ಇಬ್ಬರು ನಿಂತು ಹಬ್ಬದಡಿಗೆ ಮಾಡಲು ಸಾಲದು. ಸಿಲಿಂಡರ್, ಗ್ರೈಂಡರ್, ಫ್ರಿಜ್ಜು ಎಲ್ಲೆಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಒಗೆಯುವ ಕಲ್ಲು, ನೀರಿನ ಸಂಪು, ಮಳೆನೀರಿನ ಗುಂಡಿ ನಕ್ಷೆಯಲ್ಲಿವೆಯೇ? ಇಲ್ಲದಿದ್ದರೆ ಈಗಲೇ ಹೇಳಿ. ಅನುಮೋದನೆಯಾದ ಮೇಲೆ ಬದಲಾಯಿಸಬೇಕಾದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ.

ಅರ್ಜಿ ಹಾಕುವಾಗ

ಈಗ ಅರ್ಜಿ ಕಂಪ್ಯೂಟರಿನಲ್ಲೇ ಹೋಗುತ್ತದೆ. ನೋಂದಾಯಿತ ಇಂಜಿನಿಯರರು ನಕ್ಷೆ ಹಾಕುತ್ತಾರೆ. ಆದರೆ ಅರ್ಜಿಯಲ್ಲಿ ಅವರ ಫೋನ್ ನಂಬರಲ್ಲ, ನಿಮ್ಮ ನಂಬರಿರಲಿ. ಆಕ್ಷೇಪಣೆ ಬಂದರೆ ನಿಮಗೇ ತಿಳಿಯಬೇಕು.

"ಎಲ್ಲಾ ಸೇರಿ ಇಷ್ಟಾಗುತ್ತೆ ಅಕ್ಕಾ" ಎಂದರೆ ಒಪ್ಪಬೇಡಿ. ಇಂಜಿನಿಯರರ ಸಂಭಾವನೆ ಎಷ್ಟು, ನಗರಸಭೆಯ ಶುಲ್ಕ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀತಿ ಕೇಳಿ. ರಸೀತಿಯಿಲ್ಲದ ಹಣ ಯಾವ ಲೆಕ್ಕದ್ದೆಂದು ನಿಮಗೇ ಗೊತ್ತು.

2011ರ ಸಕಾಲ ಕಾಯ್ದೆಯನ್ನೂ ನೆನಪಿಡಿ. ಸಕಾಲದಡಿ ಅರ್ಜಿ ಸ್ವೀಕರಿಸಿದಾಗ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ಗಡುವು ಮೀರಿದರೆ ಮೇಲ್ಮನವಿ ಹೋಗಬಹುದು. ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಕಾಯ್ದೆ ಹೇಳಿದೆ. ಹಣ ದೊಡ್ಡದಲ್ಲ, ನಿಜ. ಆದರೆ ಆ ಸಂಖ್ಯೆ ಕೈಯಲ್ಲಿದ್ದರೆ "ನಾಳೆ ಬನ್ನಿ" ಎಂಬ ಮಾತಿಗೆ ಉತ್ತರವಿರುತ್ತದೆ.

ಪರವಾನಗಿ ಬಂದ ಮೇಲೆ

ಅದರ ಅವಧಿ ಎಂದು ಮುಗಿಯುತ್ತದೆ ನೋಡಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಮೇಸ್ತ್ರಿಯ ಕೈಗೆ ಜೆರಾಕ್ಸ್ ಕೊಡಿ, ಮೂಲಪ್ರತಿ ಬೀರುವಿನಲ್ಲಿರಲಿ. "ಎರಡಡಿ ಮುಂದಕ್ಕೆ ತಗೊಂಡ್ರೆ ಯಾರು ನೋಡ್ತಾರೆ?" ಎಂದು ಯಾರೇ ಅಂದರೂ ಕಿವಿಗೊಡಬೇಡಿ. ಕಟ್ಟಡ ನಕ್ಷೆಯಂತಿದೆ ಎಂಬ ಪ್ರಮಾಣಪತ್ರ ನೋಡಿಯೇ ನೀರು, ವಿದ್ಯುತ್ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ನಿರ್ದೇಶನ ನೀಡಿದೆ. ಬ್ಯಾಂಕುಗಳಿಗೂ ಅಂಥದೇ ಮಾತು ಹೇಳಿದೆ. ಸಣ್ಣ ಮನೆಗೆ ವಿನಾಯಿತಿ ಉಂಟೇ ಎಂದು ನಿಮ್ಮ ನಗರಸಭೆಯಲ್ಲೇ ವಿಚಾರಿಸಿ, ಪಕ್ಕದ ಮನೆಯವರ ಮಾತು ನಂಬಿ ಕೂರಬೇಡಿ.

ಇಂಜಿನಿಯರರು ಈ ವಾರ ನಕ್ಷೆ ತಂದರೆ ಕಾಫಿ ಕೊಟ್ಟು ಒಳಗೆ ಹೋಗಬೇಡಿ. ಸ್ಕೇಲು ತಂದು ಮೇಜಿನ ಬಳಿ ನೀವೂ ಕುಳಿತುಕೊಳ್ಳಿ.