ಕುರ್ಚಿಯ ಬೆಲೆ ಇರುವುದು ಸೀಟಿನ ಕೆಳಗೆ

ಮನೆಯಲ್ಲಿ ಕೂತು ಕೆಲಸ ಮಾಡಲು ಕುರ್ಚಿ ಕೊಳ್ಳಹೊರಟವರು ಮೊದಲು ನೋಡುವುದು ಬಣ್ಣ, ಆಮೇಲೆ ಬೆನ್ನಿನ ಎತ್ತರ, ಕೊನೆಗೆ ಬೆಲೆಯ ಚೀಟಿ. ಕುರ್ಚಿಯನ್ನು ಮಗುಚಿ ಹಾಕಿ ಅಡಿಭಾಗ ನೋಡುವವರು ಅಪರೂಪ. ನಾಲ್ಕು ಸಾವಿರದ ಕುರ್ಚಿಗೂ ಹದಿನೈದು ಸಾವಿರದ ಕುರ್ಚಿಗೂ ಇರುವ ಅಂತರ ಬಹುಮಟ್ಟಿಗೆ ಅಲ್ಲೇ ಅಡಗಿದೆ: ಒಂದು ಕೊಳವೆ, ಒಂದು ಕಬ್ಬಿಣದ ಪೆಟ್ಟಿಗೆ, ಐದು ಕಾಲಿನ ಒಂದು ಬುಡ. ಕಚೇರಿ ಕುರ್ಚಿ ಒಂದು ಯಂತ್ರ. ಅದರ ಭಾಗಗಳು ಏನು ಮಾಡುತ್ತವೆಂದು ಗೊತ್ತಾದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದೂ ಗೊತ್ತಾಗುತ್ತದೆ.

ಮೊದಲು ಕೊಳವೆ. ಅಂಗಡಿಯವರು ‘ಹೈಡ್ರಾಲಿಕ್’ ಎಂದೇ ಕರೆಯುವ ಇದರೊಳಗೆ ಕೆಲಸ ಮಾಡುವುದು ಸಾರಜನಕ ಅನಿಲ. ವಾತಾವರಣದ ಒತ್ತಡಕ್ಕಿಂತ ಹತ್ತಾರು ಪಟ್ಟು ಒತ್ತಡದಲ್ಲಿ ಅದನ್ನು ತುಂಬಿ ಮುಚ್ಚಿರುತ್ತಾರೆ. ಒಳಗಿನ ಪಿಸ್ಟನ್ನಿನ ಎರಡೂ ಮುಖಗಳನ್ನು ಅನಿಲ ಒತ್ತುತ್ತದೆ. ಆದರೆ ಒಂದು ಮುಖದಲ್ಲಿ ಪಿಸ್ಟನ್ ದಂಡ ಒಂದಿಷ್ಟು ಜಾಗ ಆಕ್ರಮಿಸಿರುವುದರಿಂದ ಅಲ್ಲಿ ಅನಿಲ ತಾಗುವ ವಿಸ್ತೀರ್ಣ ಕಡಿಮೆ, ಒತ್ತುವ ಬಲವೂ ಕಡಿಮೆ. ಈ ಸಣ್ಣ ವ್ಯತ್ಯಾಸವೇ ದಂಡವನ್ನು ಹೊರಕ್ಕೆ ತಳ್ಳುತ್ತದೆ, ಸುಮಾರು 35 ಕಿಲೋ ಎತ್ತುವಷ್ಟು ಬಲದಿಂದ. ಪಕ್ಕದ ಲಿವರ್ ಎತ್ತಿದರೆ ಕೊಳವೆಯ ತುದಿಯ ಪುಟ್ಟ ಗುಂಡಿ ಒಳಗೊತ್ತಿ ಕವಾಟ ತೆರೆಯುತ್ತದೆ, ಅನಿಲ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಕೂತವರ ಭಾರ 35 ಕಿಲೋಗಿಂತ ಹೆಚ್ಚಿದ್ದರೆ ಸೀಟು ಇಳಿಯುತ್ತದೆ, ಎದ್ದು ನಿಂತರೆ ಏರುತ್ತದೆ. ಚಿಕ್ಕ ಮಕ್ಕಳು ಹತ್ತಿ ಕೂತು ಎಷ್ಟೇ ಲಿವರ್ ಎಳೆದರೂ ಕುರ್ಚಿ ಕೆಳಗಿಳಿಯದಿರುವುದು ಇದೇ ಕಾರಣಕ್ಕೆ. ಲಿವರ್ ಬಿಟ್ಟೊಡನೆ ಅನಿಲ ಎರಡೂ ಕೋಣೆಗಳಲ್ಲಿ ಸೆರೆಯಾಗಿ ಎತ್ತರ ನಿಲ್ಲುತ್ತದೆ. ಬಾಯಿ ಮುಚ್ಚಿದ ಸೈಕಲ್ ಪಂಪನ್ನು ಒತ್ತಿದಾಗ ಆಗುವಂತೆ ಸ್ವಲ್ಪವೇ ಪುಟಿಯುತ್ತದೆ. ಧೊಪ್ಪನೆ ಕೂತಾಗ ಬೆನ್ನಿಗೆ ಪೆಟ್ಟು ತಾಗದಂತೆ ಕಾಯುವುದು ಈ ಪುಟಿತ.

ವರ್ಷಗಳು ಕಳೆದಂತೆ ಒಳಗಿನ ರಬ್ಬರ್ ಸೀಲ್ ಸವೆದು ಅನಿಲ ಸೋರುತ್ತದೆ. ಬೆಳಿಗ್ಗೆ ಏರಿಸಿದ ಕುರ್ಚಿ ಮಧ್ಯಾಹ್ನದ ಹೊತ್ತಿಗೆ ಕುಸಿದಿರುತ್ತದೆ. ಅನೇಕರು ಇಷ್ಟಕ್ಕೇ ಕುರ್ಚಿ ಕೆಟ್ಟಿತೆಂದು ಗುಜರಿಗೆ ಹಾಕುತ್ತಾರೆ. ಬೇಕಿಲ್ಲ. ಕೊಳವೆಯ ಎರಡೂ ತುದಿಗಳನ್ನು ತುಸು ಮೊನಚಾಗಿಸಿ, ಬೋಲ್ಟು ನಟ್ಟು ಏನೂ ಇಲ್ಲದೆ ಬರೀ ಘರ್ಷಣೆಯಿಂದ ಕೂರಿಸಿರುತ್ತಾರೆ. ಕೂತವರ ಭಾರವೇ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಪೈಪ್ ಪಾನಾದಿಂದ ತಿರುಚಿ, ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟರೆ ಕಳಚಿ ಬರುತ್ತದೆ. ಹೊಸ ಕೊಳವೆಗೆ ಸಾವಿರ ರೂಪಾಯಿಯ ಆಸುಪಾಸು. ಹಳೆಯದನ್ನು ಕೊರೆಯುವುದು, ಬಿಸಿ ಮಾಡುವುದು ಮಾತ್ರ ಕೂಡದು. ಒಳಗಿನ ಒತ್ತಡ ಪ್ರಾಣಕ್ಕೇ ಅಪಾಯ ತರಬಲ್ಲದು.

ಬುಡದ ಕಥೆ ಬರೀ ರೇಖಾಗಣಿತ. ಚಕ್ರಗಳು ನಡುಗಂಬದಿಂದ 30 ಸೆಂಟಿಮೀಟರ್ ದೂರದಲ್ಲಿವೆ ಎಂದಿಟ್ಟುಕೊಳ್ಳಿ. ನಾಲ್ಕೇ ಕಾಲಿದ್ದರೆ ಪಕ್ಕದ ಎರಡು ಚಕ್ರಗಳನ್ನು ಕೂಡಿಸುವ ಗೆರೆ ನಡುವಿನಿಂದ 21 ಸೆಂಟಿಮೀಟರ್ ದೂರಕ್ಕೆ ಬರುತ್ತದೆ. ದೇಹದ ಭಾರ ಆ ಗೆರೆ ದಾಟಿದರೆ ಕುರ್ಚಿ ಮಗುಚುತ್ತದೆ. ಐದು ಕಾಲಾದರೆ ಅದೇ ಗೆರೆ 24 ಸೆಂಟಿಮೀಟರಿಗೆ ಸರಿಯುತ್ತದೆ. ಆರನೆಯ ಕಾಲು ಇನ್ನೆರಡು ಸೆಂಟಿಮೀಟರ್ ಮಾತ್ರ ಕೊಡುತ್ತದೆ, ಜೊತೆಗೆ ಕಾಲ್ಬೆರಳಿಗೆ ತಾಗುತ್ತದೆ. ಹಾಗಾಗಿ ಜಗತ್ತಿನ ಬಹುತೇಕ ಕಚೇರಿ ಕುರ್ಚಿಗಳು ಐದರಲ್ಲಿ ನಿಂತಿವೆ. ಚಕ್ರದ ಯೋಚನೆ ಹಳೆಯದು: ಚಾರ್ಲ್ಸ್ ಡಾರ್ವಿನ್ ಡೌನ್ ಹೌಸಿನ ತಮ್ಮ ಓದುಕೋಣೆಯ ಕುರ್ಚಿಗೆ ಚಕ್ರ ಹಾಕಿಸಿಕೊಂಡಿದ್ದರು, ಅಮೆರಿಕದ ಥಾಮಸ್ ವಾರೆನ್ 1849ರಲ್ಲಿ ರೂಪಿಸಿದ ಕುರ್ಚಿಗೆ ಚಕ್ರ, ತಿರುಗುವ ಸೀಟು, ಸ್ಪ್ರಿಂಗ್ ಮೂರೂ ಇದ್ದವು. ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು ಚಕ್ರದ ವಸ್ತು. ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್ ಹಾಸಿದ ನೆಲಕ್ಕೆ ಹೇಳಿ ಮಾಡಿಸಿದ್ದು. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದ ಮೇಲೆ ಅದು ಗರಗರ ಸದ್ದು ಮಾಡುತ್ತದೆ, ಗೀರು ಬೀಳಿಸಲೂಬಹುದು. ಮೆತ್ತನೆಯ ಪಾಲಿಯುರೆಥೇನ್ ಹೊದಿಕೆಯ ಚಕ್ರಗಳು ಬೇರೆಯಾಗಿಯೂ ಸಿಗುತ್ತವೆ.

ಇನ್ನು ಕಬ್ಬಿಣದ ಪೆಟ್ಟಿಗೆ. ಬಜೆಟ್ಟಿನ ಹೆಚ್ಚಿನ ಪಾಲು ಸಲ್ಲಬೇಕಾದದ್ದು ಇದಕ್ಕೆ. ಏಕೆಂದು ತಿಳಿಯಲು ಬೆನ್ನಿನ ಒಳಗೆ ಇಣುಕಬೇಕು.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಸೊಂಟದ ಡಿಸ್ಕಿಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗ ಒತ್ತಡ ಹೆಚ್ಚು ಎಂಬುದು ಅವರ ಫಲಿತಾಂಶ. ‘ಬೆನ್ನು ನೆಟ್ಟಗೆ ಇಟ್ಟು ಕೂರಿ’ ಎಂಬ ಉಪದೇಶಕ್ಕೆ ಅದು ಬಲ ಕೊಟ್ಟಿತು. ಜರ್ಮನಿಯ ಉಲ್ಮ್ ನಗರದಲ್ಲಿ ಹಾನ್ಸ್-ಯೋಕಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಪುಟ್ಟ ಸಂವೇದಕ ಇರಿಸಿ, ದಿನನಿತ್ಯದ ಚಟುವಟಿಕೆಗಳ ನಡುವೆ ಅಳೆದು 1999ರಲ್ಲಿ ಪ್ರಕಟಿಸಿದ ಅಂಕಿಗಳು ಚಿತ್ರವನ್ನು ಬದಲಿಸಿದವು. ನಿಂತಾಗ 0.5 ಮೆಗಾಪಾಸ್ಕಲ್, ಆಸರೆಯಿಲ್ಲದೆ ಆರಾಮಾಗಿ ಕೂತಾಗ 0.46. ಮುಂದಕ್ಕೆ ಪೂರ್ತಿ ಬಾಗಿ ಕೂತರೆ 0.83. ಕುರ್ಚಿಗೆ ಒರಗಿ ಜಾರಿ ಕೂತರೆ ಬರೀ 0.27! ಒಬ್ಬನೇ ಮನುಷ್ಯನ ಅಳತೆ ಎಂಬ ಮಿತಿ ಇದಕ್ಕಿದೆ, ಆದರೂ ಒರಗಿದಾಗ ಮೈಯ ಭಾರವನ್ನು ಕುರ್ಚಿಯ ಬೆನ್ನು ಹೊರುತ್ತದೆ ಎಂಬ ಭೌತಶಾಸ್ತ್ರಕ್ಕೆ ಅದು ಹೊಂದುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 22 ಮಂದಿಯನ್ನು ಎಂಆರ್‌ಐ ಯಂತ್ರದೊಳಗೇ ಕೂರಿಸಿ ನೋಡಿದ, 2006ರಲ್ಲಿ ಮಂಡಿಸಲಾದ ಅಧ್ಯಯನವೂ 90 ಡಿಗ್ರಿಯ ನೆಟ್ಟ ಕೂರಿಕೆಗಿಂತ 135 ಡಿಗ್ರಿಯ ಒರಗು ಡಿಸ್ಕಿಗೆ ಹಿತ ಎಂದಿತು.

ವಿಲ್ಕೆಯವರ ಅಳತೆಗಳಲ್ಲಿ ಇನ್ನೊಂದು ಸೊಗಸಾದ ಸಂಗತಿ ಇತ್ತು. ರಾತ್ರಿ ಮಲಗಿದ್ದಾಗ ಡಿಸ್ಕಿನ ಒತ್ತಡ 0.1ರಿಂದ 0.24ಕ್ಕೆ ಮೆಲ್ಲನೆ ಏರಿತ್ತು: ಹಗಲು ಹಿಂಡಿಹೋದ ನೀರನ್ನು ಡಿಸ್ಕ್ ಮತ್ತೆ ಹೀರಿಕೊಳ್ಳುತ್ತಿತ್ತು. ಬೆಳೆದವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅದರ ಆಹಾರ ಅಕ್ಕಪಕ್ಕದಿಂದ ಒಸರಿಯೇ ಬರಬೇಕು. ಭಂಗಿ ಬದಲಾಗುತ್ತಿದ್ದಂತೆ ದ್ರವವೂ ಒಳಹೊರಗೆ ಚಲಿಸುತ್ತದೆ. ಹಾಗಾಗಿ ಕೂತವರನ್ನು ಒಂದೇ ‘ಸರಿಯಾದ’ ಭಂಗಿಯಲ್ಲಿ ಬಿಗಿದಿಡುವ ಕುರ್ಚಿಯಿಂದ ಬೆನ್ನಿಗೆ ಉಪಕಾರವಿಲ್ಲ. ಬೆನ್ನು ಕೇಳುವುದು ಅಲುಗಾಟಕ್ಕೆ ಅವಕಾಶ, ಅದನ್ನು ಕೊಡುವುದು ಸೀಟಿನಡಿಯ ಆ ಪೆಟ್ಟಿಗೆ.

ಅಗ್ಗದ ಕುರ್ಚಿಗಳಲ್ಲಿ ಸೀಟು ಮತ್ತು ಬೆನ್ನು ಒಂದೇ ತುಂಡಾಗಿ ಹಿಂದಕ್ಕೆ ವಾಲುತ್ತವೆ. ತೊಡೆ ಮೇಲೆದ್ದು ಪಾದ ನೆಲ ಬಿಡುತ್ತದೆ, ಕೂತವರು ಬೇಸತ್ತು ಲಾಕ್ ಹಾಕಿಬಿಡುತ್ತಾರೆ. ‘ಸಿಂಕ್ರೋ ಟಿಲ್ಟ್’ ಎಂಬ ಏರ್ಪಾಡಿನಲ್ಲಿ ಬೆನ್ನು ಎರಡು ಡಿಗ್ರಿ ವಾಲಿದರೆ ಸೀಟು ಸುಮಾರು ಒಂದು ಡಿಗ್ರಿ ವಾಲುತ್ತದೆ. ಪಾದ ನೆಲದಲ್ಲೇ ಉಳಿಯುತ್ತದೆ, ಸೊಂಟದ ಕೋನ ತೆರೆದುಕೊಳ್ಳುತ್ತದೆ. ಸೀಟಿನಡಿಯ ದಪ್ಪ ತಿರುಗುಗುಂಡಿ ಸ್ಪ್ರಿಂಗಿನ ಬಿಗಿಯನ್ನು ಕೂತವರ ತೂಕಕ್ಕೆ ಹೊಂದಿಸುತ್ತದೆ. ಈ ಗುಂಡಿ ಇದ್ದೂ ಒಮ್ಮೆಯೂ ಮುಟ್ಟದ ಮನೆಗಳು ಬಹಳ.

ಸೀಟಿನ ವಿಷಯಕ್ಕೆ ಬಂದರೆ ಫೋಮಿನ ‘ಡೆನ್ಸಿಟಿ’ ಕೇಳಬೇಕು, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕಿಲೋ. 23ರ ಫೋಮ್ ಅಂಗಡಿಯಲ್ಲಿ ಮೆತ್ತಗೆ ಹಿತವಾಗಿದ್ದು ಬೇಗ ಚಪ್ಪಟೆಯಾಗುತ್ತದೆ. 40 ದಾಟಿದ ಅಚ್ಚುಫೋಮ್ ಮೊದಲು ಗಟ್ಟಿಯೆನಿಸಿದರೂ ವರ್ಷಗಟ್ಟಲೆ ಬಾಳುತ್ತದೆ. ಮೇಲ್ಹೊದಿಕೆಯಾಗಿ ಕೃತಕ ಚರ್ಮ ಬೇಡ. ಸೆಕೆ ಒಂದು ಕಾರಣ. ಮಂಗಳೂರು, ಕಾರವಾರದಂಥ ಊರುಗಳ ತೇವದ ಗಾಳಿಯಲ್ಲಿ ಅದರ ಪಾಲಿಯುರೆಥೇನ್ ಪದರ ನೀರಿನಂಶದಿಂದಲೇ ಒಡೆದು ಹಕ್ಕಳೆಯಾಗಿ ಉದುರುವುದು ಇನ್ನೊಂದು. ಜಾಲರಿ ಬಟ್ಟೆಗೆ ಈ ಕಾಟವಿಲ್ಲ. ಜಾಲರಿ ಸೀಟನ್ನು ಜನಪ್ರಿಯಗೊಳಿಸಿದ್ದು 1994ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ತಂದ ಏರಾನ್. ಅದರ ವಿನ್ಯಾಸಕಾರರಾದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಅದಕ್ಕೂ ಮೊದಲು ವೃದ್ಧರಿಗಾಗಿ ಕುರ್ಚಿ ರೂಪಿಸುತ್ತಾ, ಫೋಮ್ ಶಾಖ ಹಿಡಿದಿಟ್ಟು ಚರ್ಮಕ್ಕೆ ತೊಂದರೆ ಮಾಡುವುದನ್ನು ಕಂಡಿದ್ದರು. ಏರಾನ್ ಎ, ಬಿ, ಸಿ ಎಂಬ ಮೂರು ಅಳತೆಗಳಲ್ಲಿ ಬಂತು. ಭಾರತದಲ್ಲಿ ಅದರ ಬೆಲೆ ಲಕ್ಷ ದಾಟುತ್ತದೆ. ಎಲ್ಲರೂ ಕಲಿಯಬಹುದಾದದ್ದು ಅಳತೆಯ ಪಾಠ.

ಇಲ್ಲಿ ನಮ್ಮವರು ನಿಜಕ್ಕೂ ಕಷ್ಟಪಡುತ್ತಿದ್ದಾರೆ, ಮುಖ್ಯವಾಗಿ ಹೆಂಗಸರು. ಬಹಳಷ್ಟು ಕುರ್ಚಿಗಳ ಸೀಟು 42 ಸೆಂಟಿಮೀಟರಿಗಿಂತ ಕೆಳಗಿಳಿಯುವುದಿಲ್ಲ, ಮೇಜುಗಳು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ. ಐದಡಿಯವರು ಮೇಜಿಗೆ ಕೈ ಹೊಂದಿಸಲು ಕುರ್ಚಿ ಏರಿಸಿದರೆ ಕಾಲು ತೂಗುತ್ತದೆ, ಸೀಟಿನ ಅಂಚು ತೊಡೆಯ ಅಡಿಯನ್ನು ಒತ್ತುತ್ತದೆ. ಪಾದದಡಿಗೆ ಒಂದು ಮಣೆ ಇಟ್ಟರೆ ಸಮಸ್ಯೆ ಅರ್ಧ ಮುಗಿಯಿತು. ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು-ಮೂರು ಬೆರಳು ತೂರುವಷ್ಟು ಜಾಗವೂ ಇರಬೇಕು. ಇಲ್ಲದಿದ್ದರೆ ಬೆನ್ನು ಕುರ್ಚಿಯ ಆಸರೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಕೂತು ನೋಡದೆ ಕುರ್ಚಿ ತರಿಸಬಾರದು, ತರಿಸಿದರೂ ವಾಪಸ್ ಕೊಡುವ ಅವಕಾಶ ಇರಬೇಕು.

ಲೆಕ್ಕ ಹಾಕೋಣ. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಎಂದರೆ 2,000 ಗಂಟೆ. 12,000 ರೂಪಾಯಿಯ ಕುರ್ಚಿ 6 ವರ್ಷ ಬಾಳಿದರೆ ಗಂಟೆಗೆ 1 ರೂಪಾಯಿ. 5,000ದ ಕುರ್ಚಿ ಒಂದೂವರೆ ವರ್ಷಕ್ಕೆ ಮುರಿದರೆ ಗಂಟೆಗೆ 1 ರೂಪಾಯಿ 67 ಪೈಸೆ, ಬೆನ್ನುನೋವಿನ ಖರ್ಚು ಬೇರೆ. ಆ 12,000ದಲ್ಲಿ ಸಿಂಕ್ರೋ ಟಿಲ್ಟ್, ಎತ್ತರ ಬದಲಿಸಬಹುದಾದ ಕೈಯಾಸರೆ, ಸೊಂಟದ ಆಸರೆ ಇವು ಮೊದಲು. ತಲೆಯಾಸರೆ, ಕಾರ್ ರೇಸಿನ ಸೀಟಿನಂಥ ಅಲಂಕಾರ, ಮಿರುಗುವ ಕ್ರೋಮ್ ಬಿಟ್ಟುಬಿಡಬಹುದು. ಅಮೆರಿಕದ ಬಿಫ್ಮಾ ಸಂಸ್ಥೆಯ ಮಾನದಂಡದಲ್ಲಿ ಸೀಟಿನ ಮೇಲೆ 57 ಕಿಲೋ ಚೀಲವನ್ನು 1 ಲಕ್ಷ ಸಲ ಬೀಳಿಸುವ ಪರೀಕ್ಷೆ ಇದೆ. ಭಾರತೀಯ ಮಾನಕ ಬ್ಯೂರೋ ಕೂಡ ಕೆಲಸದ ಕುರ್ಚಿಗಳಿಗೆ 2022ರಲ್ಲಿ ಐಎಸ್ 17631 ಮಾನಕ ತಂದಿದೆ. ಚೀಟಿಯಲ್ಲಿ ಇವುಗಳ ಹೆಸರಿದ್ದರೆ, ಪರೀಕ್ಷೆಗೆ ಒಳಗಾದದ್ದು ಇಡೀ ಕುರ್ಚಿಯೋ ಬರೀ ಕೊಳವೆಯೋ ಎಂದು ಬಾಯಿಬಿಟ್ಟು ಕೇಳಬೇಕು.

ಕಚೇರಿಗಳು ಖಾಲಿಯಾದಾಗ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬರುವ ಒಳ್ಳೆಯ ಕುರ್ಚಿಗಳನ್ನೂ ನೋಡಬಹುದು. ಪೂರ್ತಿ ಏರಿಸಿ ಹತ್ತು ನಿಮಿಷ ಕೂತು, ಕುಸಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಬುಡದಲ್ಲಿ ಬಿರುಕಿದ್ದರೆ ಮುಟ್ಟಬಾರದು. ಕೊಳವೆ, ಚಕ್ರ ಎರಡನ್ನೂ ಬದಲಿಸಿದರೂ ಲೆಕ್ಕ ಹೊಂದುತ್ತದೆ.

ಕೈಯಲ್ಲಿ ಈಗ ಎರಡು ಸಾವಿರವೇ ಇದ್ದರೆ ಆ ಬೆಲೆಯ ತಿರುಗುಕುರ್ಚಿ ಬೇಡ. ಊಟದ ಮೇಜಿನ ಗಟ್ಟಿ ಕುರ್ಚಿ, ಸೊಂಟದ ಹಿಂದೆ ಸುರುಳಿ ಸುತ್ತಿದ ಟವೆಲ್, ಪಾದಕ್ಕೆ ಮಣೆ ಸಾಕು. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಏರಿಸಿ, ಸಾವಿರದೊಳಗೆ ಒಂದು ಬೇರೆ ಕೀಬೋರ್ಡು ಮತ್ತು ಮೌಸ್ ತಂದರೆ ಕತ್ತು ಬಾಗುವುದೂ ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುತ್ತಾ, ಉಳಿದ ಸಾವಿರಕ್ಕೆ ತಿಂಗಳು ತಿಂಗಳು ಒಂದಿಷ್ಟು ಸೇರಿಸುತ್ತಾ ಹೋಗಬಹುದು.