ಮದ್ದೂರಿನ ವಿದ್ಯಾರ್ಥಿಗೆ ಕೆನಡಿಯ ಪತ್ರ

ಮಂಡ್ಯ, ಮಳವಳ್ಳಿ ಕಡೆಯ ಹುಡುಗ ಮೈಸೂರಿಗೆ ಹೋಗಿ ಓದಿದರೇ ಊರಿಗೆಲ್ಲ ಸುದ್ದಿಯಾಗುತ್ತಿದ್ದ ಕಾಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮಹಾರಾಜ ಕಾಲೇಜು, ಬೆಂಗಳೂರಿನ ಲಾ ಕಾಲೇಜು ಮುಗಿಸಿ ಅಮೆರಿಕಕ್ಕೇ ಹೊರಟರು. ಮೊದಲು ಡಲ್ಲಾಸ್‌ನ ಸದರ್ನ್ ಮೆಥಾಡಿಸ್ಟ್ ವಿಶ್ವವಿದ್ಯಾಲಯ. ಆಮೇಲೆ ಫುಲ್‌ಬ್ರೈಟ್ ನೆರವಿನಿಂದ ರಾಜಧಾನಿಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ. ಹೋದದ್ದು ಕಾನೂನಿನ ಓದಿಗೆ. ಆದರೆ 2024ರಲ್ಲಿ ಕಣ್ಮರೆಯಾದ ಅವರ ಅಮೆರಿಕದ ನೆನಪುಗಳಲ್ಲಿ ಎದ್ದು ಕಾಣುವುದು ತರಗತಿಯಲ್ಲ, 1960ರ ಅಧ್ಯಕ್ಷ ಚುನಾವಣೆ.

ಅಲ್ಲಿ ತಮಗೆ ಮತವಿಲ್ಲ. ಆದರೂ ಭಾರತೀಯ ಮೂಲದವರಿದ್ದ ಕಡೆ ಜಾನ್ ಕೆನಡಿ ಪರ ಪ್ರಚಾರ ಮಾಡುವೆನೆಂದು 28ರ ಹರೆಯದ ಕೃಷ್ಣ ತಾವಾಗಿ ಮುಂದೆ ಬಂದರು. ಚಲಾವಣೆಯಾದ ಸುಮಾರು 6.88 ಕೋಟಿ ಮತಗಳಲ್ಲಿ ಕೆನಡಿಗೆ ಸಿಕ್ಕ ಮುನ್ನಡೆ ಸುಮಾರು 1.12 ಲಕ್ಷ ಮಾತ್ರ! ಗೆದ್ದವರು ಮರೆಯಲಿಲ್ಲ, 1961ರ ಜನವರಿಯಲ್ಲಿ ಕೃತಜ್ಞತೆಯ ಪತ್ರ ಬರೆದರು.

ಊರಿಗೆ ಮರಳಿದ ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ ನಿಂತರು. ಎದುರಾಳಿ ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡ, ಮಂಡ್ಯದವರಿಗೆ ಆ ಹೆಸರಿನ ತೂಕ ಹೇಳಬೇಕಿಲ್ಲ. ಅವರ ಪರ ನೆಹರೂ ಅವರೇ ಪ್ರಚಾರ ಮಾಡಿದ್ದರು. ಆದರೂ ಗೆದ್ದವರು ಕೃಷ್ಣ. ಕೆನಡಿಯ ಪತ್ರ ನೋಡಿ ಮದ್ದೂರಿನ ರೈತ ಮತ ಹಾಕಿದನೆಂದು ಯಾರೂ ಹೇಳರು. ಮತ ಕೇಳುವ ಸಂಕೋಚವನ್ನು ಮಾತ್ರ ಅವರು ಪರದೇಶದಲ್ಲೇ ಕಳೆದುಕೊಂಡಿದ್ದಿರಬೇಕು.

2010ರಲ್ಲಿ, ವಿದ್ಯಾರ್ಥಿಯಾಗಿದ್ದ ಅದೇ ವಾಷಿಂಗ್ಟನ್ನಿಗೆ ಭಾರತದ ವಿದೇಶಾಂಗ ಸಚಿವರಾಗಿ ಮಾತುಕತೆಗೆ ಹೋದಾಗ ಅವರಿಗೆ 78.