ತೆಂಗಿಗೆ ಬಾರದ ವಿದ್ಯೆ ಪಾಚಿಗೆ ಬಂದಿದೆ!

ಬೇಸಿಗೆಯಲ್ಲಿ ಹಾಲ್ಕುರಿಕೆ ಕೆರೆಯ ಅಂಚಿಗೆ ಕಟ್ಟುವ ನೀಲಿ-ಹಸಿರು ಪಾಚಿಯನ್ನು ನಾವೆಲ್ಲ ಕೋಲಿನಿಂದ ಸರಿಸಿಬಿಡುತ್ತೇವೆ. ಸರಿಸುವ ಮುಂಚೆ ಒಂದು ಕ್ಷಣ ತಾಳಿ! ಅದು ಪಾಚಿಯೇ ಅಲ್ಲ, ಬಿಸಿಲು ಉಣ್ಣುವ ಬ್ಯಾಕ್ಟೀರಿಯಾ. ಹೆಸರು ಸೈನೋಬ್ಯಾಕ್ಟೀರಿಯಾ. ಏರಿಯಾಚೆಯ ತೆಂಗಿನ ಮರಕ್ಕೆ ಗೊತ್ತಿಲ್ಲದ ವಿದ್ಯೆಯೊಂದು ಅದಕ್ಕೆ ಗೊತ್ತು.

ಎರಡಕ್ಕೂ ಬೇಕಾದದ್ದು ಇಂಗಾಲ. ತೆಂಗಿನ ಗರಿ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ನೀರಿನಲ್ಲಿ ಆ ಅನಿಲ ಸಾಗುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಸಾಲದ್ದಕ್ಕೆ ಕ್ಷಾರ ನೀರಿನಲ್ಲಿ ಇಂಗಾಲದ ಬಹುಪಾಲು ಅನಿಲವಾಗಿ ಉಳಿಯದೆ ಬೈಕಾರ್ಬನೇಟ್ ಆಗಿರುತ್ತದೆ, ಅಡುಗೆ ಸೋಡಾದಲ್ಲಿರುವ ಅದೇ ಬೈಕಾರ್ಬನೇಟ್. ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯ ದಾರಿಗೆ ಹಚ್ಚುವ ರುಬಿಸ್ಕೋ ಕಿಣ್ವವೋ, ಮಹಾ ಸೋಮಾರಿ. ಸೆಕೆಂಡಿಗೆ ಕೆಲವೇ ಅಣು, ಅದರಲ್ಲೂ ಆಗಾಗ ಇಂಗಾಲದ ಬದಲು ಆಮ್ಲಜನಕಕ್ಕೆ ಕೈಹಾಕುತ್ತದೆ.

ಇಂಥ ಸೋಮಾರಿಯನ್ನು ದುಡಿಸುವುದು ಹೇಗೆ? ಬ್ಯಾಕ್ಟೀರಿಯಾ ಅದರ ಸುತ್ತ ಇಂಗಾಲವನ್ನೇ ತುಂಬಿಬಿಡುತ್ತದೆ! ಪೊರೆಯಲ್ಲಿ ಪಂಪುಗಳಿವೆ. ಬಿಸಿಟಿ1 ಎಂಬುದು ಕೋಶದ ಇಂಧನವಾದ ಎಟಿಪಿ ಸುಟ್ಟು ಬೈಕಾರ್ಬನೇಟನ್ನು ಒಳಗೆಳೆಯುತ್ತದೆ. ಎಸ್‌ಬಿಟಿಎ ಮತ್ತು ಬಿಐಸಿಎ ಎಂಬ ಇನ್ನೆರಡು ಸೋಡಿಯಂ ಒಳನುಗ್ಗುವ ಬಲದ ಮೇಲೇ ಆ ಕೆಲಸ ಮಾಡುತ್ತವೆ. ಹಾಗೇ ನುಸುಳಿ ಬಂದ ಅನಿಲವನ್ನೂ ಬಿಡುವುದಿಲ್ಲ, ಕೂಡಲೇ ಬೈಕಾರ್ಬನೇಟ್ ಮಾಡಿ ಇಟ್ಟುಕೊಳ್ಳುತ್ತದೆ. ಹೊರಗಿಗಿಂತ ಒಳಗೆ 1,000 ಪಟ್ಟಿನವರೆಗೆ ಸಂಗ್ರಹ!

ರುಬಿಸ್ಕೋ ಕೂತಿರುವುದು ಕಾರ್ಬಾಕ್ಸಿಸೋಮ್ ಎಂಬ ಕೋಣೆಯಲ್ಲಿ. ಅದರದು ತೆಂಗಿನ ಚಿಪ್ಪಿನಂಥ ಕವಚ, ಆದರೆ ಪೂರ್ತಿ ಪ್ರೋಟೀನಿನದು, ಅಡ್ಡಗಲ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು. 1956ರಲ್ಲಿ ಜರ್ಮನಿಯ ಡ್ರೆವ್ಸ್ ಮತ್ತು ನಿಕ್ಲೋವಿಟ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡಾಗ, ಒಳಗೇನಿದೆ ಎಂಬುದು ಒಗಟಾಗಿತ್ತು. ಬೈಕಾರ್ಬನೇಟ್ ಕೋಣೆಯೊಳಗೆ ಹೋದ ಮೇಲಷ್ಟೇ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಅದನ್ನು ಅನಿಲವಾಗಿಸುತ್ತದೆ, ಅದೂ ರುಬಿಸ್ಕೋ ಪಕ್ಕದಲ್ಲೇ.

ಕೋಣೆಯ ಹೊರಗೇ ಆ ಕಿಣ್ವವಿದ್ದರೆ? ಈ ಇಡೀ ಕಥೆಯಲ್ಲಿ ನನಗೆ ಮೈ ಜುಮ್ಮೆನಿಸಿದ್ದು ಇದಕ್ಕೆ ಸಿಕ್ಕ ಉತ್ತರ. 1989ರಲ್ಲಿ ಆಸ್ಟ್ರೇಲಿಯಾದ ಡೀನ್ ಪ್ರೈಸ್ ಮತ್ತು ಮರ್ರೆ ಬ್ಯಾಡ್ಜರ್ ಮನುಷ್ಯನ ಜೀನನ್ನೇ ಈ ಜೀವಿಗೆ ಹಾಕಿದರು. ನಮ್ಮ ಕೆಂಪು ರಕ್ತಕಣಗಳಲ್ಲಿ ದುಡಿಯುವ ಕಾರ್ಬಾನಿಕ್ ಅನ್‌ಹೈಡ್ರೇಸ್, ಬ್ಯಾಕ್ಟೀರಿಯಾದ ಕೋಶರಸದಲ್ಲಿ! ಕಷ್ಟಪಟ್ಟು ಎಳೆದು ತಂದ ಬೈಕಾರ್ಬನೇಟೆಲ್ಲ ಅಲ್ಲೇ ಅನಿಲವಾಗಿ ಪೊರೆ ದಾಟಿ ಸೋರಿಹೋಯಿತು. ಮಾಮೂಲು ಗಾಳಿಯಲ್ಲಿ ಆ ಜೀವಿ ಬೆಳೆಯಲಾರದಾಯಿತು.

ತೆಂಗಿನ ಗರಿಯ ಹರಿತ್ತು ಕಣವೂ ಮೂಲದಲ್ಲಿ ಇಂಥದೇ ಒಂದು ಬ್ಯಾಕ್ಟೀರಿಯಾದ ಸಂತಾನ. ಆದರೂ ಅದರಲ್ಲಿ ಈ ಕೋಣೆ ಇಲ್ಲ, ಈ ಪಂಪುಗಳೂ ಇಲ್ಲ. ಬಿರುಬಿಸಿಲಿಗೆ ರಂಧ್ರ ಮುಚ್ಚಿಕೊಂಡರೆ ರುಬಿಸ್ಕೋ ಆಮ್ಲಜನಕದ ಕಡೆಗೆ ಇನ್ನಷ್ಟು ವಾಲುತ್ತದೆ. ಗಿಡಗಳಿಗೂ ಈ ವಿದ್ಯೆ ಕಲಿಸಲೆಂದು 2014ರಲ್ಲಿ ವಿಜ್ಞಾನಿಗಳು ತಂಬಾಕಿನ ಗಿಡಕ್ಕೆ ಸೈನೋಬ್ಯಾಕ್ಟೀರಿಯಾದ ರುಬಿಸ್ಕೋ ಕಸಿ ಮಾಡಿದರು, 2018ರಲ್ಲಿ ಸರಳ ರೂಪದ ಕಾರ್ಬಾಕ್ಸಿಸೋಮನ್ನೂ ಕಟ್ಟಿದರು. ಗಿಡಗಳು ಬೆಳೆದವು, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿಯಲ್ಲಿ. ಇನ್ನು ಪಂಪುಗಳನ್ನು ಕೂರಿಸಬೇಕು. ಜೊತೆಗೆ ಹರಿತ್ತು ಕಣದೊಳಗೆ ಮೊದಲೇ ತುಂಬಿಕೊಂಡಿರುವ ಕಾರ್ಬಾನಿಕ್ ಅನ್‌ಹೈಡ್ರೇಸನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ 1989ರ ಸೋರಿಕೆ ಎಲೆಯಲ್ಲೂ ಆಗುತ್ತದೆ.